ಉಣ್ಣೆ ತುರುಕಿದ ಗಂಟೆ

"ನೋಡಿ ಗುರುಗಳೇ, ಮತ್ತೆ ಬಾಯಿ ಹಾಕಿದಳು! ಎರಡು ಮಾತು ನೆಟ್ಟಗೆ ಆಡೋಕೆ ಬಿಡಲ್ಲ ಇವಳು" ಎಂದು ದಾಕ್ಷಾಯಣಿ ಮಠದ ಜಗಲಿಯ ಮೇಲೆ, ಗುರುಗಳ ಎದುರಿಗೇ, ಮಗಳ ರಟ್ಟೆ ಹಿಡಿದು ಕುಕ್ಕಿ ಕೂರಿಸಿದಳು.

ಇಂಚರ "ಅಮ್ಮಾ, ಶಾಲೇಲಿ..." ಎಂದಷ್ಟೇ ಅಂದಿದ್ದಳು. ತಾಯಿಯ ಕಣ್ಣು ನೋಡಿ ಉಳಿದದ್ದನ್ನು ನುಂಗಿಕೊಂಡಳು.

"ಬೆಳಗಾದರೆ ಇದೇ ಗೋಳು. ಕೋಳಿಗೆ ಕನಸು ಬೀಳುತ್ತಾ, ನೆರಳಿಗೆ ಯಾಕೆ ಬಣ್ಣ ಇಲ್ಲ, ಅಂತ. ಒಲೆ ಮೇಲೆ ರೊಟ್ಟಿ ಸೀದುಹೋದರೂ ಇವಳ ಬಾಯಿ ನಿಲ್ಲಲ್ಲ. ಶಾಲೆಯಲ್ಲಿ ಮೇಡಂ ತುಟಿ ಮೇಲೆ ಬೆರಳಿಡಿಸಿ ಕೂರಿಸ್ತಾರೆ. ಅದಕ್ಕೂ ಬಗ್ಗಲಿಲ್ಲ. ನೀವೇ ಹೇಳಿ, ಮಗುವಿಗೆ ಸುಮ್ಮನಿರೋದನ್ನ ಕಲಿಸೋದು ಹೇಗೆ?"

ಗುರುಗಳು ಮಗುವನ್ನು ಒಮ್ಮೆ ನೋಡಿದರು. ಆಮೇಲೆ ಹೇಳತೊಡಗಿದರು.

ಕುರಿ ಕಾಯುವ ಹೆಂಗಸೊಬ್ಬಳಿದ್ದಳು. ಗಂಡನೊಡನೆ ಕಾಡಿನ ಅಂಚಿನಲ್ಲಿ ಹಿಂಡು ಮೇಯಿಸುತ್ತಿದ್ದಳು. ಹಿಂಡು ಬಿಟ್ಟು ಅಲೆಯುವ ಮರಿಯ ಕೊರಳಿಗೆ ಗಂಟೆ ಕಟ್ಟುವುದು ಅವರ ರೂಢಿ. ಕುರಿ ಹೆದರಿದಾಗ ಅರಚುವುದಿಲ್ಲ. ತೋಳ ಕಂಡರೆ ಅದರ ದನಿ ಉಡುಗಿಹೋಗುತ್ತದೆ, ಓಡುತ್ತದೆ ಅಷ್ಟೇ. ಓಡಿದರೆ ಗಂಟೆ ನುಡಿಯುತ್ತದೆ. ಕಾಯುವವರು ಕೋಲೆತ್ತಿಕೊಂಡು ಆ ಕಡೆ ಧಾವಿಸುತ್ತಾರೆ.

ಅವಳ ಹಿಂಡಿನಲ್ಲೊಂದು ಮರಿ. ಎಲ್ಲವೂ ಮೇಯುವ ಕಡೆ ಅದು ಮೇಯದು. ಹೊಸ ಪೊದೆ ಕಂಡರೆ ಒಳಕ್ಕೆ, ಬಂಡೆ ಕಂಡರೆ ಮೇಲಕ್ಕೆ. ಹಗಲೆಲ್ಲ ಗಂಟೆಯ ಸದ್ದು. ಹೆಂಗಸು ಉಣ್ಣೆ ನೂಲುತ್ತ ಕೂತಿದ್ದವಳು ಸದ್ದಾದಾಗಲೆಲ್ಲ ಏಳಬೇಕು. ಎದ್ದಾಗಲೆಲ್ಲ ನೂಲು ಕಡಿಯುತ್ತಿತ್ತು. ಒಂದು ದಿನ ರೇಗಿಹೋಗಿ, ಕೈಯಲ್ಲಿದ್ದ ಉಣ್ಣೆಯನ್ನೇ ಉಂಡೆ ಮಾಡಿ ಗಂಟೆಯೊಳಕ್ಕೆ ತುರುಕಿದಳು.

ಅಂದು ನೂಲು ಕಡಿಯಲಿಲ್ಲ. ಮಧ್ಯಾಹ್ನ ಗಂಡ ಬಂದು ಕೇಳಿದ: "ಏನೇ, ಮರಿಯ ಸದ್ದೇ ಇಲ್ಲ?"

"ಕೊನೆಗೂ ತಿದ್ದಿಕೊಂಡಿತು. ನೀನು ತಿದ್ದಿಕೊಳ್ಳೋದು ಯಾವಾಗಲೋ" ಎಂದು ಅವಳು ನಕ್ಕಳು.

ಸಂಜೆ ಮಂಜು ಕವಿಯಿತು. ಇದ್ದಕ್ಕಿದ್ದಂತೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ನಾಯಿ ಗುರುಗುಟ್ಟಿತು. ಮರಿ ಹಿಂಡಿನಲ್ಲಿರಲಿಲ್ಲ. ಗಂಡ ಕೋಲು ಹಿಡಿದು ನಿಂತ. "ಯಾವ ಕಡೆ ಓಡ್ತಿದೆ? ಹೇಳೇ, ಯಾವ ಕಡೆ?" ಎಂದ. ಅವಳು ಉಸಿರು ಬಿಗಿಹಿಡಿದು ಆಲಿಸಿದಳು. ಮಂಜಿನಲ್ಲೆಲ್ಲೋ ಅದು ಓಡುತ್ತಿದೆ, ಗಂಟೆ ಅದರ ಕೊರಳಿಗೆ ಬಡಿಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಏನೂ ಕೇಳಿಸಲಿಲ್ಲ. ಬೆಳಗ್ಗೆ ಪೊದೆಯೊಂದರಲ್ಲಿ ಗಂಟೆ ಸಿಕ್ಕಿತು. ಉಣ್ಣೆ ಅದರೊಳಗೆ ಹಾಗೆಯೇ ಇತ್ತು.

ಗುರುಗಳು ನಿಲ್ಲಿಸಿದರು.

ಇಡೀ ಕತೆಯಲ್ಲಿ ಇಂಚರ ಒಮ್ಮೆಯೂ ಬಾಯಿ ಹಾಕಿರಲಿಲ್ಲ. ಮರಿಗೆ ಏನಾಯಿತು ಎಂದು ಕೂಡ ಕೇಳಲಿಲ್ಲ. ಅದು ಹೊಳೆದದ್ದೇ ದಾಕ್ಷಾಯಣಿ ಮಗಳತ್ತ ತಿರುಗಿದಳು. ಈಚೆಗೆ ಶಾಲೆಯ ಚೀಲ ಕಂಡರೆ ಮಗಳು ಹೊಟ್ಟೆನೋವು ಎನ್ನುತ್ತಿದ್ದಳು. ತಾನು "ನಾಟಕ ಸಾಕು, ನಡಿ" ಎಂದು ದಬ್ಬುತ್ತಿದ್ದಳು.

"ಪುಟ್ಟೀ, ಶಾಲೇಲಿ ಅಂತ ಏನೋ ಹೇಳೋಕೆ ಬಂದೆಯಲ್ಲೇ, ಏನದು? ಹೇಳು ಕಂದ, ಬೈಯಲ್ಲ."

ಇಂಚರಳ ಬೆರಳು ತುಟಿಯ ಮೇಲಿತ್ತು. ಅದನ್ನು ತೆಗೆಯದೆಯೇ ಇಲ್ಲವೆಂದು ತಲೆಯಾಡಿಸಿದಳು.

ದಾಕ್ಷಾಯಣಿ ಅವಳನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ಬಿಗಿಯಾಗಿ ಅಪ್ಪಿದಳು.

ಗುರುಗಳು ಮೆಲ್ಲಗೆ ಕೇಳಿದರು: "ಮಗು ನಿನ್ನ ತೊಡೆಯ ಮೇಲೇ ಇದೆಯಮ್ಮ, ಆದರೆ ಅದು ಯಾವ ಕಡೆ ಓಡುತ್ತಿದೆ?"