ಯಾರೂ ಹೆಸರಿಸದ ಪ್ರಬಂಧ

ಗಿಡಗಳ ಜೀನ್‌ಗಳ ಬೆನ್ನುಹತ್ತಿದ್ದ ವಿಜ್ಞಾನಿ ಅಂಬುಜಾಕ್ಷಿಯವರ ಮೇಜಿನ ಮೇಲೆ ಅವರೇ ಬರೆದ ಎರಡು ಪ್ರಬಂಧಗಳಿದ್ದವು. ದಪ್ಪ ಪ್ರಬಂಧವನ್ನು ದೇಶವಿದೇಶದ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಹೆಸರಿಸಿದ್ದರು. ತೆಳು ಪ್ರಬಂಧವನ್ನು ಒಬ್ಬರೂ ಹೆಸರಿಸಿರಲಿಲ್ಲ. ರಾಗಿಯ ಒಂದು ಜೀನನ್ನು ಕೆಣಕಿದರೆ ಬೆಂಕಿರೋಗ ನಿಲ್ಲುವುದಿಲ್ಲ, ಸಸಿಯೇ ಸಾಯುತ್ತದೆ ಎಂದಷ್ಟೇ ಅದು ಹೇಳುತ್ತಿತ್ತು.

“ನಿನ್ನಿಂದ ಅಮ್ಮನಿಗೆ ಬಂದ ಕೀರ್ತಿಯೇನು?” ಎಂದಿತು ದಪ್ಪ ಪ್ರಬಂಧ.

“ಏನೂ ಇಲ್ಲಣ್ಣ. ನನಗೂ ಅವರು ನಿನ್ನಷ್ಟೇ ನಿದ್ದೆಗೆಟ್ಟಿದ್ದರು. ಅದೇ ನನ್ನ ಸಂಕಟ,” ಎಂದಿತು ತೆಳು ಪ್ರಬಂಧ.

ಅಷ್ಟರಲ್ಲಿ ಹೊಸ ಸಂಶೋಧಕಿ ಸಬೀಹಾ ಅದೇ ಜೀನನ್ನು ಬದಲಿಸಲೆಂದು ಸೂಜಿ ಹಿಡಿದು, ಕಿಟಕಿಯ ಬಳಿಯಿದ್ದ ರಾಗಿ ಸಸಿಗಳತ್ತ ಬಂದಳು. ಮೇಜಿನ ಮೇಲಿದ್ದ ತೆಳು ಪ್ರಬಂಧ ಕಣ್ಣಿಗೆ ಬಿತ್ತು. ನಿಂತಲ್ಲೇ ಓದಿದಳು. ಸೂಜಿಯನ್ನು ಎತ್ತಿಟ್ಟು, ಸಸಿಗಳಿಗೆ ನೀರು ಚಿಮುಕಿಸಿ ಹೊರಟುಹೋದಳು.

“ನೋಡಿದೆಯಾ? ಓದಿದವಳೂ ನಿನ್ನ ಹೆಸರು ಬರೆದುಕೊಳ್ಳಲಿಲ್ಲ,” ಎಂದಿತು ದಪ್ಪ ಪ್ರಬಂಧ.

ರಾಗಿ ಸಸಿಗಳು ಒಟ್ಟಾಗಿ ತಲೆಯೆತ್ತಿದವು. “ಎಲ್ಲಿ ಬರೆಯಬೇಕಿತ್ತು, ದೊಡ್ಡಪ್ಪ? ಮಾಡದೆ ಬಿಟ್ಟ ಪ್ರಯೋಗದ ಬಗ್ಗೆ ಯಾರೂ ಪ್ರಬಂಧ ಬರೆಯುವುದಿಲ್ಲ. ಚಿಕ್ಕಪ್ಪನನ್ನು ಅವಳು ಓದಿದ್ದಕ್ಕೆ ನಾವು ಬದುಕಿರುವುದೇ ಸಾಕ್ಷಿ.”

ದಪ್ಪ ಪ್ರಬಂಧ ತಮ್ಮನತ್ತ ತಿರುಗಿ, “ನನ್ನನ್ನು ಓದಿದ್ದರಿಂದ ಯಾರಾದರೂ ಹೀಗೆ ಬದುಕಿರಬಹುದೇ?” ಎಂದು ಮೆಲ್ಲಗೆ ಕೇಳಿತು.

“ಇದ್ದೇ ಇರುತ್ತಾರಣ್ಣ,” ಎಂದಿತು ತೆಳು ಪ್ರಬಂಧ. “ನಿನ್ನ ಹತ್ತಿರ ಬಂದು ಹೇಳಿಲ್ಲ, ಅಷ್ಟೆ.”