ನಲ್ಲಿ ಎಂಬ ಮಾತು

ವರದಾ ನದಿಯ ದಂಡೆಯ ಆಶ್ರಮದ ಬಚ್ಚಲಿಗೆ ಹೊಸದಾಗಿ ನಲ್ಲಿ ಬಂತು. ಅದರ ಬೆನ್ನಿಗೇ ಜಗಳವೂ ಬಂತು.

"ನಲ್ಲ ಅಂದರೆ ಪ್ರಿಯ," ಎಂದ ಶಿಷ್ಯ ಕರಿಬಸಯ್ಯ. "ಬಾಯಾರಿದವನಿಗೆ ನೀರಿಗಿಂತ ಪ್ರಿಯವಾದದ್ದು ಏನಿದೆ? ಅದಕ್ಕೇ ಇದು ನಲ್ಲಿ."

ಸುತ್ತ ಕೂತಿದ್ದ ಶಿಷ್ಯರು ತಲೆದೂಗಿದರು.

ಹಿರಿಯ ಶಿಷ್ಯ ಶಾಂತವೀರಪ್ಪ ನಕ್ಕುಬಿಟ್ಟ. "ಚಂದ ಕಥೆ ಕಟ್ಟಿದೆ ಕಣೋ! ಅದು ನಳದಿಂದ ಬಂದ ಮಾತು. ನಳ ಅಂದರೆ ಟೊಳ್ಳು ಕೊಳವೆ."

ತಲೆದೂಗಿದವರೇ ಈಗ ನಕ್ಕರು. ಆ ನಗು ಕರಿಬಸಯ್ಯನ ಎದೆಗೆ ನಾಟಿತು. ಅವತ್ತಿನಿಂದ ಅವನು ಶಾಂತವೀರಪ್ಪನ ಜೊತೆ ಮಾತು ಬಿಟ್ಟ.

ಸ್ವಲ್ಪ ದಿನಕ್ಕೆ ಶಾಂತವೀರಪ್ಪ ನದಿಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡ. ಕರಿಬಸಯ್ಯ ನೋಡಲು ಹೋಗಲಿಲ್ಲ. ನೇರ ಗುರು ಅದೃಶ್ಯಪ್ಪನವರ ಬಳಿ ಹೋದ.

"ಅಪ್ಪಾರೇ, ನಮ್ಮಿಬ್ಬರಲ್ಲಿ ಯಾರು ಹೇಳಿದ್ದು ಸರಿ? ನೀವೇ ಹೇಳಬೇಕು."

ಗುರುಗಳು ಅವನ ಕೈಗೆ ಒಂದು ಪಂಚೆ ಕೊಟ್ಟರು.

"ಕೈ ಮುರಿದಾಗಿನಿಂದ ಶಾಂತವೀರ ತಲೆಗೆ ನೀರು ಹಾಕಿಕೊಂಡಿಲ್ಲ. ಹೋಗಿ ಎರೆದು ಬಾ."

"ನನ್ನ ಪ್ರಶ್ನೆ?"

"ಬಂದ ಮೇಲೆ."

ಬಚ್ಚಲಲ್ಲಿ ಶಾಂತವೀರಪ್ಪ ಕಟ್ಟು ಹಾಕಿದ ಕೈಯನ್ನು ಪಕ್ಕಕ್ಕೆ ಚಾಚಿ ಕೂತ. ಕರಿಬಸಯ್ಯ ಸೀಗೆಪುಡಿ ಹಚ್ಚಿ ತಲೆ ತಿಕ್ಕಿದ. ಕೋಪಕ್ಕೋ ಏನೋ, ತುಸು ಜೋರಾಗಿಯೇ ತಿಕ್ಕಿದ.

"ಕಣ್ಣು ಉರೀತದೋ! ನೀರು, ನೀರು!"

ಕರಿಬಸಯ್ಯ ಗಾಬರಿಯಿಂದ ನಲ್ಲಿ ತಿರುಗಿಸಿದ. ಬೊಗಸೆ ಬೊಗಸೆ ನೀರು ಹಿಡಿದು, ಮಗುವಿನ ಮುಖ ತೊಳೆದಂತೆ ಆ ಮುಖ ತೊಳೆದ. ಶಾಂತವೀರಪ್ಪ ಎಡಗೈಯಿಂದ ಅವನ ಭುಜ ಹಿಡಿದುಕೊಂಡ.

"ಅವತ್ತು ಎಲ್ಲರ ಮುಂದೆ ನಾನು ನಗಬಾರದಿತ್ತು," ಎಂದ, ಕಣ್ಣು ಮುಚ್ಚಿಕೊಂಡೇ.

ಕರಿಬಸಯ್ಯ ಒಂದು ಚೊಂಬು ನೀರು ತಲೆಗೆ ಹೊಯ್ದ.

"ತೀರಾ ತಣ್ಣಗಿದೆಯಾ, ಅಣ್ಣಾ?"

"ಇರಲಿ. ಹಾಕು."

ಒದ್ದೆ ಪಂಚೆಯಲ್ಲೇ ಕರಿಬಸಯ್ಯ ಮರಳಿ ಬಂದು, ಗುರುಗಳ ಎದುರು ಕೂತ.

"ಏನೋ ಕೇಳಬೇಕು ಅಂದಿದ್ದೆಯಲ್ಲ?"

"ಅಂದಿದ್ದೆ, ಅಪ್ಪಾರೇ. ಈಗ ಯಾರದು ಸರಿಯಾದರೂ ಆದೀತು."

"ಹಾಗಾದರೆ ಈಗ ಹೇಳಬಹುದು," ಎಂದರು ಗುರುಗಳು. "ಶಾಂತವೀರ ಹೇಳಿದ್ದೇ ಸರಿ."