ತಿದಿಯ ಉಸಿರು

“ಗುರುಗಳೇ, ಪಾಠಕ್ಕೆ ಕುಳಿತ ಮೇಲೂ ನೀವು ಬಹಳ ಹೊತ್ತು ಸುಮ್ಮನಿರುತ್ತೀರಿ. ಆ ಹೊತ್ತಿನಲ್ಲಿ ಇನ್ನೊಂದು ಸೂತ್ರ ಕಲಿಯಬಹುದಲ್ಲವೇ?”

ಬಾಗಿಲು ದೂಡಿಕೊಂಡು ಬಂದ ಶಿಷ್ಯ ಕೂರುವ ಮೊದಲೇ ಇದನ್ನು ಕೇಳಿದ. ಅವನು ಕೂರುವವರೆಗೆ ಕಾದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಕಮ್ಮಾರನ ಮಗ. ಅವನ ಬಳಿ ಹಳೆಯ ಮಡಚುವ ಕ್ಯಾಮೆರಾ ಇತ್ತು. ಮಡಚಿದರೆ ಕೋಟಿನ ಜೇಬಿನಲ್ಲಿ ಹಿಡಿಯುತ್ತಿತ್ತು. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಮಸೂರವು ಉಕ್ಕಿನ ತೋಳುಗಳ ಮೇಲೆ ಮುಂದೆ ಬಂದು ನಿಲ್ಲುತ್ತಿತ್ತು. ಸಾವಿರ ಸಲ ತೆರೆದರೂ ಅದೇ ಜಾಗ, ಕೂದಲೆಳೆಯ ವ್ಯತ್ಯಾಸವಿಲ್ಲ. ಮಸೂರಕ್ಕೂ ಫಿಲ್ಮಿಗೂ ನಡುವೆ, ಕುಲುಮೆಯ ಗಾಳಿಚೀಲದಂಥ ಕಪ್ಪು ಚರ್ಮದ ತಿದಿ. ಅದು ನಿರಿಗೆ ನಿರಿಗೆಯಾಗಿ ಬಿಚ್ಚಿಕೊಂಡು ಒಳಗಿನ ಕತ್ತಲೆಯನ್ನು ಕಾಯುತ್ತಿತ್ತು. ಬೆನ್ನಿನಲ್ಲಿ ಒಂದು ಕೆಂಪು ಕಿಂಡಿ. ಫಿಲ್ಮಿನ ಸುರುಳಿ ತಿರುಗಿಸಿದರೆ ಅದರಲ್ಲಿ ಮುಂದಿನ ಚಿತ್ರದ ಅಂಕಿ ಬರುತ್ತಿತ್ತು. ಆ ಕ್ಯಾಮೆರಾ ಮಾಡಿದ ಕೈಗಳಿಗೆ ಅವನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ.

ಅವನು ಎಚ್ಚರದ ಮನುಷ್ಯ. ಒಂದು ಚಿತ್ರದ ಮೇಲೆ ಇನ್ನೊಂದು ಬೀಳಬಾರದೆಂದು, ಚಿತ್ರ ತೆಗೆದ ಕೂಡಲೇ ಸುರುಳಿ ತಿರುಗಿಸಿ, ಮಡಚಿ, ಜೇಬಿಗಿಡುತ್ತಿದ್ದ. ಅವನಿಗಿದ್ದ ಶೋಕಿ ಒಂದೇ. ನಾಲ್ಕು ಜನರ ಮುಂದೆ ಕ್ಯಾಮೆರಾವನ್ನು ಟಪ್ಪನೆ ತೆರೆಯುವುದು.

ಆ ಊರಿನಲ್ಲಿ ಒಬ್ಬ ಮುದುಕಿ ಸೂಲಗಿತ್ತಿ ಇದ್ದಳು. ಹೊಸ ಹೆರಿಗೆ ಆಸ್ಪತ್ರೆಯಲ್ಲಿ ಅವಳ ಚಿತ್ರ ಹಾಕಬೇಕೆಂದು ಊರವರು ನಿರ್ಧರಿಸಿದರು. ಅದುವರೆಗೆ ಯಾರೂ ಅವಳ ಚಿತ್ರ ತೆಗೆದಿರಲಿಲ್ಲ. ಛಾಯಾಗ್ರಾಹಕ ದೂರ ಅಳೆದ, ಟಪ್ಪನೆ ತೆರೆದ, ಚಿತ್ರ ತೆಗೆದ. ತೊಳೆದು ನೋಡಿದರೆ ಅಂಚಿನಲ್ಲಿದ್ದ ಕುರ್ಚಿಯ ಕೈ ಸ್ಪಷ್ಟ, ಸೆರಗಿನ ತುದಿ ಸ್ಪಷ್ಟ. ನಡುವಿನ ಮುಖ ಮಾತ್ರ ಮಸುಕು.

ಸೂಲಗಿತ್ತಿ ಅದನ್ನು ನೋಡಿ ನಕ್ಕಳು. “ಈ ಊರಿನ ಅರ್ಧ ಜನರ ಮುಖಗಳನ್ನು ಮೊದಲು ಕಂಡವಳು ನಾನು. ನಿನ್ನದನ್ನೂ. ನನ್ನ ಮುಖ ನಿನಗೆ ಕಾಣಲಿಲ್ಲವೇನೋ, ಮಗಾ? ಇನ್ನೊಂದು ಸಲ ಕೂರುತ್ತೇನೆ. ಮೂರನೆಯ ಸಲಕ್ಕೆ ನಾನಿರುವುದಿಲ್ಲ.”

ಆ ನಗು ಅವನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಸೂರ ಒರೆಸಿದ. ಟೇಪು ಹಿಡಿದು ದೂರವನ್ನು ಮತ್ತೆ ಅಳೆದ. ತಪ್ಪು ಸಿಗಲಿಲ್ಲ. ಕೊನೆಗೆ ಪಟ್ಟಣದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಮುದುಕನ ಬಳಿಗೆ ಹೋದ.

ಮುದುಕ ಬೆನ್ನಿನ ಮುಚ್ಚಳ ತೆಗೆದು, ಫಿಲ್ಮು ಕೂರುವ ಜಾಗದಲ್ಲಿ ಒಂದು ತೆಳು ಹಾಳೆ ಇಟ್ಟ. “ನೀನು ದಿನಾ ತೆರೆಯುವ ಹಾಗೆ ತೆರೆ” ಎಂದ. ಇವನು ಟಪ್ಪನೆ ತೆರೆದ. ಹಾಳೆಯ ನಡು ಒಳಕ್ಕೆ ಜಗ್ಗಿತು.

“ಕಮ್ಮಾರನ ಮಗನಿಗೆ ನಾನು ತಿದಿಯ ಪಾಠ ಹೇಳಬೇಕೇ?” ಎಂದು ಮುದುಕ ಗದರಿದ. “ತಿದಿ ಬಿಚ್ಚಿದರೆ ಗಾಳಿ ಎಳೆಯುತ್ತದೆ. ಟಪ್ಪನೆ ಬಿಚ್ಚಿದರೆ ಗಾಳಿ ಸಾಲದೆ ಫಿಲ್ಮನ್ನೇ ಎಳೆಯುತ್ತದೆ. ಅದರ ಅಂಚಿಗೆ ಹಿಡಿತವಿದೆ, ನಡುವಿಗೆ ಏನಿದೆ?”

“ಏನು ಮಾಡಲಿ, ಅಜ್ಜಾ?”

“ಮೆಲ್ಲಗೆ ತೆರೆ. ಅದು ಉಸಿರು ತುಂಬಿಕೊಳ್ಳಲಿ. ಆಮೇಲೆ ಸುರುಳಿ ತಿರುಗಿಸು. ಫಿಲ್ಮು ಬಿಗಿಯಾಗಿ ತನ್ನ ಜಾಗಕ್ಕೆ ಬರುತ್ತದೆ.”

ಸೂಲಗಿತ್ತಿ ಎರಡನೆಯ ಸಲ ಕುಳಿತಳು. ಅವನು ಮುಚ್ಚಳಕ್ಕೆ ಹೆಬ್ಬೆರಳಿನ ತಡೆ ಕೊಟ್ಟು, ತಿದಿಯ ಒಂದೊಂದೇ ನಿರಿಗೆಯನ್ನು ಬಿಡಿಸಿದ. ಸ್ವಲ್ಪ ಹೊತ್ತು ಕಾದ. “ಕ್ಯಾಮೆರಾಕ್ಕೂ ವಯಸ್ಸಾಯಿತೇನಯ್ಯಾ?” ಎಂದು ಯಾರೋ ಹಂಗಿಸಿದರು. ಅವನು ಸುರುಳಿ ತಿರುಗಿಸಿದ. ಕೆಂಪು ಕಿಂಡಿಯಲ್ಲಿ ಅಂಕಿ ಬಂದು ನಿಂತಿತು.

ಅವನ ಕೈಯನ್ನೇ ನೋಡುತ್ತಿದ್ದ ಸೂಲಗಿತ್ತಿ ಹೇಳಿದಳು: “ಈಗ ನೀನು ಕಲಿತೆ. ಕೂಸಿನ ತಲೆ ಬರುವಾಗ ಎಳೆಯಬಾರದು.”

ಹೇಳಿದ ಮೇಲೆ ಅವಳ ಮುಖದಲ್ಲಿ ಉಳಿದ ನಗುವನ್ನು ಅವನು ಹಿಡಿದ. ಆ ಚಿತ್ರದಲ್ಲಿ ಅವಳ ಕಣ್ಣಂಚಿನ ಸುಕ್ಕುಗಳನ್ನು ಎಣಿಸಬಹುದಿತ್ತು. ಹೆರಿಗೆಗೆ ಬಂದ ಹೆಂಗಸರು ಅದರ ಮುಂದೆ ನಿಂತು ಧೈರ್ಯ ತೆಗೆದುಕೊಳ್ಳುತ್ತಿದ್ದರು.

ಕತೆ ಮುಗಿಯಿತು. ಶಿಷ್ಯ ಕೇಳಿದ: “ತಿದಿಯ ಮಾತು ಸರಿ, ಗುರುಗಳೇ. ಆದರೆ ನಾನು ಇಲ್ಲಿ ಏನನ್ನು ತೆರೆದೆ?”

ಗುರುಗಳು ಅವನ ಬೆನ್ನ ಹಿಂದೆ ನೋಡಿ ಹೇಳಿದರು:

“ನೀನು ದೂಡಿದ ಕದ ಇನ್ನೂ ಅಲ್ಲಾಡುತ್ತಿದೆ.”